ಚಿಕಿತ್ಸೆಯಲ್ಲದ ಎರಡು ಗಂಟೆ

ಬೆಳವಣಿಗೆಯ ಅಸಾಮರ್ಥ್ಯವೆಂದರೆ ಹುಟ್ಟಿನಿಂದಲೋ ಬಾಲ್ಯದಲ್ಲೋ ಕಾಣಿಸಿಕೊಂಡು, ಕಲಿಕೆ, ಮಾತು, ಚಲನೆ, ಒಡನಾಟ ಇವುಗಳಲ್ಲಿ ಒಂದನ್ನೋ ಹಲವನ್ನೋ ಬಾಧಿಸುತ್ತ ಬದುಕಿನುದ್ದಕ್ಕೂ ಜೊತೆಗಿರುವ ಸ್ಥಿತಿಗಳ ಗುಂಪು. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇವು ಅದರೊಳಗೆ ಹೆಚ್ಚು ಪರಿಚಿತವಾದವು. ಇಂಥ ಮಗುವಿರುವ ಮನೆಯ ದಿನಚರಿ ಸ್ಪೀಚ್ ಥೆರಪಿ, ಫಿಸಿಯೋಥೆರಪಿ, ವಿಶೇಷ ಶಾಲೆ, ಪ್ರಮಾಣಪತ್ರದ ಓಡಾಟ ಇವುಗಳ ಸುತ್ತಲೇ ಹೆಣೆದುಕೊಳ್ಳುವುದರಿಂದ, ಆಟವೆಂಬುದು ಅಲ್ಲಿಗೆ ಬಂದರೂ ಚಿಕಿತ್ಸೆಯ ವೇಷ ತೊಟ್ಟೇ ಬರುತ್ತದೆ: ಚೆಂಡು ಹಿಡಿಯುವುದು ಕೈ ಮತ್ತು ಕಣ್ಣಿನ ಹೊಂದಾಣಿಕೆಗೆ, ಮಣಿ ಪೋಣಿಸುವುದು ಬೆರಳುಗಳ ಚುರುಕಿಗೆ, ಹಾಡುವುದು ಉಚ್ಚಾರಣೆಗೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವ ಲಾಭಕ್ಕೂ ಅಲ್ಲದೆ, ಯಾರೂ ಅಂಕ ಹಾಕದೆ, ಸುಮ್ಮನೆ ಖುಷಿಗಾಗಿ ಕಳೆಯುವ ಹೊತ್ತು ಉಳಿದವರಿಗೆಲ್ಲ ಇರುವಂತೆ ಇವರಿಗೂ ಬೇಕೆಂಬುದು ಬಹುಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಪಾಲಕರೇ ಕೂಡಿ ನಡೆಸುವ ಭಾನುವಾರದ ಗುಂಪಿನಲ್ಲಿ ಸ್ವಯಂಸೇವಕನಾಗಿ ದುಡಿದ ಪ್ರಸ್ತುತ ಲೇಖಕನಿಗೆ ಮನದಟ್ಟಾದದ್ದು ಮುಖ್ಯವಾಗಿ ಇಷ್ಟು: ಇಂಥ ಕಾರ್ಯಕ್ರಮದ ಬೆಲೆ ಅದರ ವೈಭವದಲ್ಲಿಲ್ಲ, ಪ್ರತಿ ವಾರವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ತಪ್ಪದೆ ನಡೆಯುವುದರಲ್ಲಿದೆ.

ಈ ಮಾತಿಗೆ ಶಾಸ್ತ್ರೀಯವಾದ ಹಿನ್ನೆಲೆಯೂ ಇದೆ. ಸ್ವೀಡನ್ನಿನ ಬೆಂಗ್ಟ್ ನಿರ್ಯೆ 1969ರಲ್ಲಿ ಸಾಮಾನ್ಯೀಕರಣ ತತ್ತ್ವವನ್ನು ಮಂಡಿಸಿದಾಗ, ಬೌದ್ಧಿಕ ಅಸಾಮರ್ಥ್ಯವುಳ್ಳವರನ್ನು ಸಾಮಾನ್ಯರನ್ನಾಗಿ ಮಾಡಬೇಕೆಂದು ಹೇಳಲಿಲ್ಲ. ಉಳಿದವರ ಬದುಕಿಗಿರುವ ದಿನದ ಲಯ, ವಾರದ ಲಯ, ವರ್ಷದ ಲಯ ಇವರ ಬದುಕಿಗೂ ಇರಬೇಕು ಎಂದರು. ಒಂದೇ ಕಟ್ಟಡದಲ್ಲಿ ಉಂಡು, ಕಲಿತು, ಆಡಿ, ಮಲಗುವವನಿಗೆ ಸೋಮವಾರಕ್ಕೂ ಭಾನುವಾರಕ್ಕೂ ವ್ಯತ್ಯಾಸವಿರುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಅವರ ಕಣ್ಣ ಮುಂದಿದ್ದದ್ದು ದೊಡ್ಡ ದೊಡ್ಡ ವಸತಿಸಂಸ್ಥೆಗಳು. ನಮ್ಮಲ್ಲಿ ಬಹುಪಾಲು ಮಂದಿ ಮನೆಯಲ್ಲೇ ಇದ್ದಾರೆ. ಆದರೂ ಶಾಲೆ ಮುಗಿಸಿ ಮನೆಯಲ್ಲಿ ಟಿವಿಯ ಮುಂದೆ ಕುಳಿತ ಇಪ್ಪತ್ತೈದರ ಯುವಕನ ವಾರಕ್ಕೆ ಆಕಾರವಿಲ್ಲವೆಂಬ ಮಾತು ಇಲ್ಲಿಯೂ ಅಷ್ಟೇ ನಿಜ. ವಾರದ ಗುಂಪು ಅವನಿಗೆ ಕೊಡುವುದು ಎರಡು ಗಂಟೆಯ ಆಟವನ್ನಷ್ಟೇ ಅಲ್ಲ, ಕಾಯುವುದಕ್ಕೊಂದು ದಿನವನ್ನು ಕೂಡ. ಶನಿವಾರ ರಾತ್ರಿಯೇ ಚಪ್ಪಲಿ ತೆಗೆದಿಟ್ಟು ಮಲಗುವವರು ಇದ್ದಾರೆಂದು ಮನೆಯವರು ಹೇಳುತ್ತಾರೆ.

ಕಾನೂನಿನ ದೃಷ್ಟಿಯಿಂದಲೂ ಇದು ದಾನದ ವಿಷಯವಾಗಿ ಉಳಿದಿಲ್ಲ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿ ಸಾಂಸ್ಕೃತಿಕ ಬದುಕು, ವಿರಾಮ, ಮನರಂಜನೆ ಮತ್ತು ಕ್ರೀಡೆಗಳಲ್ಲಿ ಭಾಗವಹಿಸುವುದನ್ನು ಹಕ್ಕೆಂದು ಮನ್ನಿಸುತ್ತದೆ. ಅದನ್ನನುಸರಿಸಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29ನೆಯ ಪ್ರಕರಣವು ಮನರಂಜನಾ ಕೇಂದ್ರಗಳು, ನೃತ್ಯ, ಚಿತ್ರಕಲೆಯ ತರಗತಿ, ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳನ್ನು ಹೆಸರಿಸಿಯೇ ಹೇಳಿ, ಸರ್ಕಾರಗಳಿಗೂ ಸ್ಥಳೀಯ ಆಡಳಿತಕ್ಕೂ ಹೊಣೆ ಹೊರಿಸುತ್ತದೆ. ಆದರೆ ವಾಸ್ತವದಲ್ಲಿ ಈ ಹೊಣೆ ಹೆಚ್ಚಾಗಿ ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನಾಚರಣೆಯೊಳಗೇ ತೀರಿಹೋಗುತ್ತದೆ. ಅಂದು ಶಾಮಿಯಾನ, ಧ್ವನಿವರ್ಧಕ, ಗಣ್ಯರ ಭಾಷಣ, ಪ್ಲಾಸ್ಟಿಕ್ ಡಬ್ಬಿಯ ಬಹುಮಾನ ಎಲ್ಲವೂ ಇರುತ್ತವೆ. ಸದ್ದನ್ನು ತಾಳಲಾರದ ಆಟಿಸಂನ ಮಗು ಎರಡೂ ಕಿವಿಗೆ ಕೈ ಒತ್ತಿಕೊಂಡು ಶಾಮಿಯಾನದ ಹಿಂಬದಿಯಲ್ಲಿರುತ್ತದೆ. ಯಾರ ಹೆಸರಿನಲ್ಲಿ ಹಬ್ಬವೋ ಅವರೇ ಅಲ್ಲಿಂದ ಬೇಗ ಹೊರಡಬೇಕಾಗುವುದು ಈ ಆಚರಣೆಗಳ ವಿಚಿತ್ರ.

ವಾರದ ಗುಂಪಿನಲ್ಲಿ ಏನು ನಡೆಯುತ್ತದೆಂಬುದನ್ನು ಒಂದೇ ಆಟದ ಮೂಲಕ ಹೇಳಬಹುದು. ಮೇಲೆ ಹೇಳಿದ ಗುಂಪಿನಲ್ಲಿ ಬಲು ಬೇಗ ನೆಲೆನಿಂತದ್ದು ಚೌಕಾಬಾರ. ನೆಲದ ಮೇಲೆ ಐದು ಸಾಲು, ಐದು ಕಂಬಸಾಲುಗಳ ಇಪ್ಪತ್ತೈದು ಮನೆಗಳನ್ನು ದಪ್ಪ ಸೀಮೆಸುಣ್ಣದಲ್ಲಿ, ಒಂದೊಂದು ಮನೆಯೂ ಗೇಣಗಲವಾಗುವಂತೆ ಬರೆದರೆ, ಬೆರಳು ನಡುಗುವವರೂ ಕಾಯನ್ನು ಮನೆಯೊಳಗೆ ಇಡಬಲ್ಲರು; ಕಾಯಿಗೆ ಹುಣಸೆಬೀಜ, ಬಳೆಚೂರುಗಳ ಬದಲು ಬಾಟಲಿಯ ಬಣ್ಣದ ಮುಚ್ಚಳಗಳನ್ನಿಟ್ಟರೆ ಹಿಡಿಯುವುದೂ ಸುಲಭ, ತನ್ನದು ಯಾವುದೆಂದು ಗುರುತಿಸುವುದೂ ಸುಲಭ. ಸೆರೆಬ್ರಲ್ ಪಾಲ್ಸಿಯಿಂದ ಅಂಗೈ ಬಿಗಿದವರಿಗೆ ಕವಡೆ ಎಸೆಯುವುದು ಕಷ್ಟವಾದಾಗ ಸ್ಟೀಲ್ ಲೋಟದಲ್ಲಿ ನಾಲ್ಕು ಕವಡೆ ಹಾಕಿ ಕೊಡಲಾಯಿತು. ಲೋಟವನ್ನು ಮೊಣಕೈಯಿಂದ ಉರುಳಿಸಿದರೂ ಕವಡೆ ಬೀಳುತ್ತದೆ, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎರಡಕ್ಕೂ ಮತ್ತೊಂದು ಆಟ ಉಂಟು. ಮಾತೇ ಆಡದ ಒಬ್ಬಾಕೆ ಬಾರ ಬಿದ್ದಾಗಲೆಲ್ಲ ನೆಲ ಬಡಿಯುತ್ತಿದ್ದುದರಿಂದ, ಎಣಿಕೆ ಬಾರದವರಿಗೂ ಏನು ಬಿತ್ತೆಂದು ತಿಳಿಯುತ್ತಿತ್ತು. ಆಟದ ಕಟ್ಟಳೆಯಲ್ಲಿ ಮಾತ್ರ ಏನನ್ನೂ ಸಡಿಲಿಸಲಿಲ್ಲ: ಎದುರಾಳಿಯ ಕಾಯನ್ನು ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ, ಪಾಪವೆಂದು ಯಾರ ಕಾಯನ್ನೂ ಬಿಡುವಂತಿಲ್ಲ. ಸೋತವರು ಮುನಿಸಿಕೊಂಡದ್ದೂ ಕವಡೆ ಎಸೆದು ಹೋದದ್ದೂ ಉಂಟು. ಚೌಕಾಬಾರದ ಮುಂದೆ ಮುನಿಸಿಕೊಳ್ಳದವರು ಯಾವ ಮನೆಯಲ್ಲಿದ್ದಾರೆ?

ಅಲ್ಲಿ ನಿಜವಾದ ತೊಡಕು ತಂದವರು ಆಡುವವರಲ್ಲ, ಪಕ್ಕದಲ್ಲಿ ಕುಳಿತ ಸ್ವಯಂಸೇವಕರು. ಒಬ್ಬ ಸದಸ್ಯ ಮೂರು ಬಿದ್ದದ್ದನ್ನು ನೋಡಿ, ತನ್ನ ಕಾಯನ್ನು ಗುರುತಿಸಿ, ಕೈ ಎತ್ತಿ, ಮನೆ ಎಣಿಸಿ, ಇಡುವುದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಆ ಒಂದು ನಿಮಿಷವನ್ನು ಸುಮ್ಮನೆ ನೋಡುತ್ತ ಕೂರುವುದು ಕಾಲೇಜಿನಿಂದ ಬಂದ ಉತ್ಸಾಹಿ ಯುವಕನಿಗೆ ಅಸಾಧ್ಯವೆನಿಸಿ, ಅವನ ಕೈ ತಾನಾಗಿಯೇ ಮುಂದೆ ಬಂದು ಕಾಯನ್ನು ನಡೆಸಿಬಿಡುತ್ತದೆ. ಹಾಗಾದ ಕೂಡಲೇ ಆಡುತ್ತಿದ್ದವನು ಪ್ರೇಕ್ಷಕನಾಗುತ್ತಾನೆ, ಎರಡು ಸುತ್ತಿನ ಬಳಿಕ ಲೋಟವನ್ನೂ ಮುಟ್ಟುವುದಿಲ್ಲ. ಆದ್ದರಿಂದ ಸ್ವಯಂಸೇವಕರ ತರಬೇತಿಯಲ್ಲಿ ಮೊದಲು ಕಲಿಸಬೇಕಾದದ್ದು ಸಹಾಯ ಮಾಡುವುದನ್ನಲ್ಲ, ಎರಡೂ ಕೈ ತೊಡೆಯ ಮೇಲಿಟ್ಟು ಕಾಯುವುದನ್ನು. ಅವರನ್ನು ಕೂಡ ಆಟಕ್ಕೇ ಕೂರಿಸಿ ತಮ್ಮದೇ ಕಾಯಿಗಳನ್ನು ಕೊಟ್ಟರೆ ಇದು ಬೇಗ ಕೈಗೂಡುತ್ತದೆ, ಏಕೆಂದರೆ ಗೆಲ್ಲುವ ಆಸೆ ಹುಟ್ಟಿದವನು ಎದುರಾಳಿಗೆ ಸಹಾಯ ಮಾಡಲು ಅಷ್ಟೇನೂ ಆತುರಪಡುವುದಿಲ್ಲ.

ಆಯ್ಕೆಯೆಂಬುದರಲ್ಲಿ ಆಡದಿರುವ ಆಯ್ಕೆಯೂ ಸೇರಿದೆ. ಆಟಿಸಂ ಉಳ್ಳವರಲ್ಲಿ ಅನೇಕರಿಗೆ ಹೊಸ ಜಾಗ, ಹೊಸ ದನಿ, ಅನಿರೀಕ್ಷಿತ ಬದಲಾವಣೆ ಇವು ಭಯವನ್ನೇ ಉಂಟುಮಾಡುವುದರಿಂದ, ಮುಂದೇನಾಗಲಿದೆ ಎಂಬುದನ್ನು ಚಿತ್ರಗಳ ಪಟ್ಟಿಯಲ್ಲಿ ತೋರಿಸುವ ಪದ್ಧತಿಯಿದೆ: ಬಸ್ಸು, ಸಭಾಂಗಣದ ಬಾಗಿಲು, ಚೆಂಡು, ತಿಂಡಿ, ಕೊನೆಗೆ ಮನೆ, ಹೀಗೆ ಸಾಲಾಗಿ ಅಂಟಿಸಿದ ಚಿತ್ರಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತ ಹೋಗುವುದು. ಆ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುವುದು ಮನೆಯ ಚಿತ್ರ. ಅದರ ಜೊತೆಗೆ ಸದ್ದಿಲ್ಲದ ಒಂದು ಮೂಲೆ ಮತ್ತು ಬಾಗಿಲಾಚೆಯ ಕಟ್ಟೆಯಲ್ಲಿ ಕುಳಿತು ದೂರದಿಂದ ನೋಡುವ ಅವಕಾಶ, ಇಷ್ಟಿದ್ದರೆ ಹಲವರು ತಿಂಗಳುಗಳ ಬಳಿಕ ತಾವಾಗಿಯೇ ಒಳಗೆ ಬರುತ್ತಾರೆ. ಕೆಲವರು ಬರುವುದೇ ಇಲ್ಲ, ಆದರೆ ಪ್ರತಿ ವಾರ ಕಟ್ಟೆಗೆ ತಪ್ಪದೆ ಬರುತ್ತಾರೆ, ಅದನ್ನೂ ಹಾಜರಿಯೆಂದೇ ಬರೆದುಕೊಳ್ಳಬೇಕು. ಅಮೆರಿಕದ ರಾಬರ್ಟ್ ಪರ್ಸ್ಕ್ 1972ರಲ್ಲಿ ಬರೆದ ಲೇಖನವೊಂದರಲ್ಲಿ, ಅತಿಯಾದ ರಕ್ಷಣೆಯು ಮನುಷ್ಯನ ಘನತೆಯನ್ನೇ ಕಸಿಯುತ್ತದೆ, ಸಾಮಾನ್ಯ ಬದುಕಿನ ಅಪಾಯಗಳನ್ನು ಎದುರಿಸುವುದರಲ್ಲೂ ಒಂದು ಘನತೆಯಿದೆ ಎಂದು ವಾದಿಸಿದರು. ಉಯ್ಯಾಲೆಯಿಂದ ಬಿದ್ದು ಮಂಡಿ ತರಚಿಸಿಕೊಳ್ಳುವ ಹಕ್ಕೆಂದರೆ ನಮ್ಮ ತಾಯಂದಿರು ಹೌಹಾರುತ್ತಾರೆ. ಆದರೆ ಮಂಡಿ ತರಚದೆ ಯಾರ ಬಾಲ್ಯವೂ ಕಳೆದಿಲ್ಲ.

ಹಾಗೆಂದು ಎಚ್ಚರಿಕೆಯೇ ಬೇಡವೆಂದಲ್ಲ. ಸೆರೆಬ್ರಲ್ ಪಾಲ್ಸಿಯುಳ್ಳ ಹಲವರಿಗೆ ನುಂಗುವುದು ಕಷ್ಟವಾದ್ದರಿಂದ ಚಕ್ಕುಲಿ, ಕಡಲೆಬೀಜ, ಚುರುಮುರಿ ಅಪಾಯಕಾರಿಯಾಗಬಹುದು; ಡೌನ್ ಸಿಂಡ್ರೋಮ್ ಉಳ್ಳ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಜೋಡಣೆ ಸಡಿಲವಾಗಿರುವುದರಿಂದ ವೈದ್ಯರನ್ನು ಕೇಳದೆ ಪಲ್ಟಿ ಹೊಡೆಸಬಾರದು. ಮೂರ್ಛೆರೋಗವಿರುವ ಸದಸ್ಯರಿಗೆ ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕೆಂಬುದು ಕಾವಲುಗಾರನಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಆತ ಒಳ್ಳೆಯ ಮನಸ್ಸಿನಿಂದಲೇ ಬೀಗದ ಕೈಗೊಂಚಲನ್ನು ಹಿಡಿದು ಓಡಿಬರುತ್ತಾನೆ.

ಆಟಕ್ಕಿಂತ ಮುಂದೆ ಹೋಗಿ ಸ್ಪರ್ಧೆಯನ್ನು ಬಯಸುವವರಿಗೆ ಯೂನಿಸ್ ಕೆನಡಿ ಶ್ರೈವರ್ ಅವರ ಮುಂದಾಳುತನದಲ್ಲಿ 1968ರಲ್ಲಿ ಷಿಕಾಗೋದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್ ಇದೆ. ನಮ್ಮ ದೇಶದಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಅದನ್ನು ನಡೆಸುತ್ತದೆ. ವಯಸ್ಸು, ಲಿಂಗ ಮತ್ತು ಪ್ರಾಥಮಿಕ ಸುತ್ತಿನ ಸಾಧನೆಯನ್ನು ನೋಡಿ ಸಮಬಲದವರನ್ನು ಒಂದೇ ವಿಭಾಗಕ್ಕೆ ಹಾಕುವುದು ಅದರ ವಿಶೇಷ. ನಿಧಾನವಾಗಿ ಓಡುವವನು ನಿಧಾನವಾಗಿ ಓಡುವವರೊಡನೆ ಓಡಿದಾಗ ಆ ಓಟದಲ್ಲಿ ನಿಜವಾದ ಪೈಪೋಟಿಯಿರುತ್ತದೆ, ಗೆದ್ದರೆ ಅದು ನಿಜವಾದ ಗೆಲುವಾಗಿರುತ್ತದೆ. ಅಸಾಮರ್ಥ್ಯವುಳ್ಳವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುವ ಏಕೀಕೃತ ಕ್ರೀಡೆಯನ್ನೂ ಆ ಸಂಸ್ಥೆ ಬೆಳೆಸಿದೆ. ಭಾನುವಾರದ ಗುಂಪು ಇದರಿಂದ ಪಡೆಯಬಹುದಾದದ್ದು ಪದಕವನ್ನಲ್ಲ, ಈ ವಿಭಾಗಕ್ರಮವನ್ನು. ಎಲ್ಲರಿಗೂ ಒಂದೇ ಸಮಾಧಾನಕರ ಬಹುಮಾನ ಹಂಚಿದರೆ ಯಾರೂ ಮೋಸಹೋಗುವುದಿಲ್ಲ, ಆಡಿದವರಂತೂ ಖಂಡಿತ ಹೋಗುವುದಿಲ್ಲ.

ಜಾಗದ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ‘ಕಿಲಿಕಿಲಿ’ ಎಂಬ ಪಾಲಕರ ಸಂಘಟನೆ ಮುಖ್ಯವಾದುದು. ನಗರಪಾಲಿಕೆಯೊಡನೆ ಕೂಡಿ ಅದು ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್ ಮೊದಲಾದ ಸಾರ್ವಜನಿಕ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಜೊತೆಗೇ ಆಡಬಲ್ಲ ಆಟದ ತಾಣಗಳನ್ನು ರೂಪಿಸಿತು. ಪ್ರತ್ಯೇಕ ಉದ್ಯಾನವನ್ನು ಕೇಳದೆ ಇದ್ದ ಉದ್ಯಾನದಲ್ಲೇ ಪಾಲು ಕೇಳಿದ್ದು ದೂರದೃಷ್ಟಿಯ ನಡೆ. ಆದರೆ ಉದ್ಯಾನದ ತನಕ ತಲುಪುವುದು ಹೇಗೆಂಬುದು ಬೇರೆಯೇ ಪ್ರಶ್ನೆ. ಗಾಲಿಕುರ್ಚಿಯನ್ನು ಮಡಚಿ ಆಟೋದಲ್ಲಿ ತುಂಬಿ ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿಬರುವ ಖರ್ಚು ಹಲವರಿಗೆ ಒಂದು ದಿನದ ಕೂಲಿ. ವಯಸ್ಸಿಗೆ ಬಂದ ಮಗನನ್ನು ತಾಯಿ ಯಾವ ಶೌಚಾಲಯಕ್ಕೆ ಕರೆದೊಯ್ಯಬೇಕೆಂಬುದಕ್ಕೆ ಬಹುತೇಕ ಉದ್ಯಾನಗಳಲ್ಲಿ ಉತ್ತರವೇ ಇಲ್ಲ. ಕಾರ್ಯಕ್ರಮ ರೂಪಿಸುವವರು ಆಟಗಳ ಪಟ್ಟಿಗಿಂತ ಮೊದಲು ಈ ಎರಡು ಲೆಕ್ಕಗಳನ್ನು ಬರೆದುಕೊಳ್ಳುವುದು ಲೇಸು. ನಡೆದು ಬರುವಷ್ಟು ದೂರದಲ್ಲಿರುವ ಹತ್ತು ಜನರ ಸಣ್ಣ ಗುಂಪು, ಊರಿಗೆಲ್ಲ ಒಂದೇ ಆದ ದೊಡ್ಡ ಕೇಂದ್ರಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಹಳ್ಳಿಗಳಲ್ಲಿ ಸ್ಥಿತಿ ಬೇರೆ. ಭಜನೆ, ಜಾತ್ರೆ, ಅರಳಿಕಟ್ಟೆ ಇವುಗಳಲ್ಲಿ ಇಂಥವರಿಗೆ ಒಂದು ಜಾಗ ಮೊದಲಿನಿಂದಲೂ ಇದೆ, ಆದರೆ ಅದು ಎಷ್ಟೋ ಸಲ ಗೇಲಿಗೊಳಗಾಗುವವನ ಜಾಗ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವಿದ್ದು, ಅದು ಸಾಮಾನ್ಯವಾಗಿ ಸಲಕರಣೆ ವಿತರಣೆಗೆ ವ್ಯಯವಾಗುತ್ತದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವಿನಿಂದ ಅದರಲ್ಲಿ ಸ್ವಲ್ಪ ಭಾಗವನ್ನು ಗ್ರಂಥಾಲಯದ ಜಗುಲಿಯಲ್ಲಿ ವಾರಕ್ಕೊಮ್ಮೆ ಕೂಡುವುದಕ್ಕೆ, ಒಂದು ತಮಟೆಗೆ, ಚಹಾಕ್ಕೆ ಬಳಸುವುದಕ್ಕೆ ಯಾವ ಅಡ್ಡಿಯೂ ಇರಬಾರದು.

ವಯಸ್ಕರ ವಿಷಯದಲ್ಲಿ ಕೊರತೆ ಎಲ್ಲಕ್ಕಿಂತ ಹೆಚ್ಚು. ಕಾನೂನು ಉಚಿತ ಶಿಕ್ಷಣದ ಭರವಸೆ ಕೊಡುವುದು ಹದಿನೆಂಟರವರೆಗೆ. ಆಮೇಲೆ ನ್ಯಾಷನಲ್ ಟ್ರಸ್ಟ್‌ನ ನೆರವಿನಿಂದ ನಡೆಯುವ ಹಗಲು ಪಾಲನಾ ಕೇಂದ್ರಗಳು, ಕೆಲವು ಉದ್ಯೋಗ ತರಬೇತಿ ಘಟಕಗಳು, ಅವು ಹತ್ತಿರವಿಲ್ಲದವರಿಗೆ ಮನೆಯ ನಾಲ್ಕು ಗೋಡೆ. ಹೀಗಾಗಿ ಮಕ್ಕಳಿಗೆಂದು ಹುಟ್ಟಿದ ಗುಂಪುಗಳೇ ಅವರೊಡನೆ ವಯಸ್ಸಾಗುತ್ತ ಬಂದು, ಮೂವತ್ತು ದಾಟಿದವರಿಗೆ ಇನ್ನೂ ಶಿಶುಗೀತೆ ಹಾಡಿಸುತ್ತಿರುತ್ತವೆ. ಅದೇ ವಯಸ್ಸಿನ ಉಳಿದವರು ಸಿನಿಮಾಕ್ಕೆ ಹೋಗುತ್ತಾರೆ, ದರ್ಶಿನಿಯಲ್ಲಿ ನಿಂತು ಮಸಾಲೆದೋಸೆ ತಿನ್ನುತ್ತಾರೆ, ಯಾರನ್ನೋ ಮೆಚ್ಚಿಕೊಂಡು ಒದ್ದಾಡುತ್ತಾರೆ. ಟೋಕನ್ ತಾನೇ ಪಡೆದು ಚಿಲ್ಲರೆ ಎಣಿಸಿಕೊಳ್ಳುವುದು ಸೇರಿದಂತೆ ಈ ಮೊದಲೆರಡನ್ನು ಗುಂಪು ಸುಲಭವಾಗಿ ಒದಗಿಸಬಲ್ಲದು. ಮೂರನೆಯದರ ಬಗ್ಗೆ ಪಾಲಕರ ಸಭೆಯಲ್ಲಿ ಮಾತೆತ್ತಿದರೆ ಎಲ್ಲರೂ ಗಡಿಯಾರ ನೋಡತೊಡಗುತ್ತಾರೆ.

ತಾಯಂದಿರಿಗೆ ಸಿಗುವ ಎರಡು ಗಂಟೆಯನ್ನು ಬೆಂಬಲ ಕಾರ್ಯಕ್ರಮದ ಉಪಫಲವೆಂದು ನೋಡದೆ ಅದರ ಅರ್ಧಭಾಗವೆಂದೇ ನೋಡಬೇಕು. ಆರೈಕೆ ಮಾಡುವವರಿಗೆ ನಿಗದಿಯಾಗಿ ದೊರೆಯುವ ಬಿಡುವನ್ನು ವಿರಾಮ ಆರೈಕೆ ಎನ್ನುತ್ತಾರೆ. ಆ ಹೊತ್ತಿನಲ್ಲಿ ತಾಯಂದಿರಿಗೆ ಆಪ್ತಸಲಹೆಯ ಉಪನ್ಯಾಸ ಏರ್ಪಡಿಸುವ ಚಪಲ ಸಂಘಟಕರಿಗೆ ತಪ್ಪದು. ಅವರಲ್ಲಿ ಹೆಚ್ಚಿನವರು ಬಯಸುವುದು ತರಕಾರಿ ತರುವುದನ್ನು, ಮದುವೆಮನೆಗೆ ಹೋಗಿಬರುವುದನ್ನು, ಅಥವಾ ಸಭಾಂಗಣದ ಹಿಂದಿನ ಬೆಂಚಿನ ಮೇಲೆ ಕಣ್ಣುಮುಚ್ಚಿ ಒರಗುವುದನ್ನು.

ಇಂಥ ಗುಂಪುಗಳು ಒಬ್ಬಿಬ್ಬರು ತಾಯಂದಿರ ಹೆಗಲ ಮೇಲೆ ನಿಂತಿರುವುದರಿಂದ ಅವರಿಗೆ ಕಾಯಿಲೆಯಾದರೆ, ಬಾಡಿಗೆಯ ಸಭಾಂಗಣ ಕೈತಪ್ಪಿದರೆ ನಿಂತೇಹೋಗುತ್ತವೆ. ಬೀಗದ ಕೈ, ಸದಸ್ಯರ ಔಷಧದ ವಿವರ, ದೂರವಾಣಿ ಪಟ್ಟಿ ಇವು ಕನಿಷ್ಠ ಮೂರು ಮನೆಗಳಲ್ಲಿ ಇರುವಂತೆ ನೋಡಿಕೊಂಡರೆ ಆ ಅಪಾಯ ಅಷ್ಟಿಷ್ಟು ತಗ್ಗುತ್ತದೆ. ನಿಲ್ಲಿಸಲೇಬೇಕಾಗಿ ಬಂದಾಗ ಪಾಲಕರಿಗೆ ವಾಟ್ಸಾಪ್‌ನಲ್ಲಿ ಸಂದೇಶ ಕಳುಹಿಸಿ ಸುಮ್ಮನಾಗುವುದು ರೂಢಿ. ವಾರವನ್ನು ಭಾನುವಾರದಿಂದಲೇ ಅಳೆಯುವ ಸದಸ್ಯನಿಗೆ ಆ ಸಂದೇಶ ತಲುಪುವುದಿಲ್ಲವಾದ್ದರಿಂದ, ಕೊನೆಯ ಕೆಲವು ವಾರಗಳನ್ನು ಅದೇ ಚಿತ್ರಪಟ್ಟಿಯಲ್ಲಿ ಗುರುತಿಸಿ ತೋರಿಸುತ್ತ, ಮುಂದಿನ ಭಾನುವಾರಗಳಿಗೆ ಇನ್ನೊಂದು ಜಾಗವನ್ನೋ, ಒಬ್ಬ ಗೆಳೆಯನ ಮನೆಯನ್ನೋ ಮೊದಲೇ ಗೊತ್ತುಮಾಡಿ, ಅಲ್ಲಿಗೆ ಒಂದೆರಡು ಸಲ ಕರೆದೊಯ್ದು ರೂಢಿ ಮಾಡಿಸಿದ ಮೇಲೆಯೇ ಬಾಗಿಲು ಹಾಕಬೇಕು.