ಅದು ತಾನೇ ಒಡೆಯಿತು

ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ ಗಾಜಿನ ಬಗ್ಗೆ ಬರೆದರೆ ವಿಜ್ಞಾನ ವಿಭಾಗದ ಗೆಳತಿಯರು ನಗಬಹುದು. ನಗಲಿ. ಈ ಪಾಠ ನನಗೆ ತರಗತಿಯಲ್ಲಿ ಸಿಕ್ಕಿದ್ದಲ್ಲ, ನಮ್ಮ ಅಡುಗೆಮನೆಯಲ್ಲಿ ಸಿಕ್ಕಿದ್ದು.

ಕಳೆದ ರಂಜಾನ್‌ನಲ್ಲಿ ಒಂದು ಸಂಜೆ. ಇಫ್ತಾರ್ ಮುಗಿದಿತ್ತು. ತಣ್ಣನೆಯ ಶರಬತ್ತು ಕುಡಿದ ದಪ್ಪ ಗಾಜಿನ ಲೋಟವನ್ನು ತೊಳೆದು, ಅದರಲ್ಲೇ ಅಬ್ಬಾಗೆ ಚಹಾ ತರಲು ನನ್ನ ಒಂಬತ್ತು ವರ್ಷದ ತಂಗಿ ಹೋದಳು. ಕುದಿಯುವ ಚಹಾ ಸುರಿದಳೋ ಇಲ್ಲವೋ, ಟಪ್ ಎಂದು ಸದ್ದು. ಲೋಟದ ತಳ ಕಳಚಿ ಚಹಾವೆಲ್ಲ ಅವಳ ಪಾದದ ಮೇಲೆ ಚೆಲ್ಲಿತು. ಅಮ್ಮಿ ತಣ್ಣೀರು ಸುರಿಯಲು ಓಡಿದರು. ನಾನು ಮಾತ್ರ ಬೈದೆ. "ಆಪಾ, ನಾನು ಬೀಳಿಸಲಿಲ್ಲ, ತಾನೇ ಒಡೆಯಿತು" ಎಂದಳು. "ರೋಜಾ ಇಟ್ಟು ಸುಳ್ಳು ಹೇಳುತ್ತೀಯಾ?" ಎಂದೆ. ಅವಳು ಸುಟ್ಟದ್ದಕ್ಕಿಂತ ಈ ಮಾತಿಗೇ ಹೆಚ್ಚು ಅತ್ತಳು.

ರಜೆ ಮುಗಿದ ಮೇಲೆ ಪ್ರಯೋಗಾಲಯದ ಮುಂದೆ ಹೋಗುವಾಗ, ಉರಿಯ ಮೇಲೆ ಒಂದು ಗಾಜಿನ ಬೀಕರ್‌ನಲ್ಲಿ ನೀರು ಕುದಿಯುತ್ತಿತ್ತು. ಇದೇಕೆ ಒಡೆಯುವುದಿಲ್ಲ? ರಸಾಯನಶಾಸ್ತ್ರದ ಮೇಡಂ ಅವರನ್ನು ಕೇಳಿದೆ. ಅವರು ಬಿಡುವಿನ ವೇಳೆಯಲ್ಲಿ ಕೂರಿಸಿಕೊಂಡು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಗಾಜಿನ ಮೂಲ ಮರಳು. ಮರಳಿನ ಮುಖ್ಯ ಅಂಶ ಸಿಲಿಕಾ. ಅದರಲ್ಲಿ ಒಂದೊಂದು ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ ಪರಮಾಣುಗಳು ಪುಟ್ಟ ಪಿರಮಿಡ್ಡಿನ ಮೂಲೆಗಳಂತೆ ನಿಂತಿರುತ್ತವೆ. ಪ್ರತಿ ಮೂಲೆಯ ಆಮ್ಲಜನಕವೂ ಪಕ್ಕದ ಪಿರಮಿಡ್ಡಿಗೂ ಸೇರಿದ್ದು. ಹೀಗೆ ಎಲ್ಲವೂ ಕೈಕೈ ಹಿಡಿದ ದೊಡ್ಡ ಬಲೆ. ಸ್ಫಟಿಕದಲ್ಲಿ ಈ ಬಲೆ ನಮ್ಮ ಬೆಳಗಿನ ಪ್ರಾರ್ಥನಾ ಸಭೆಯಂತೆ ಸಾಲುಸಾಲಾಗಿರುತ್ತದೆ. ಕರಗಿಸಿ ತಣಿಸಿದರೆ ಮತ್ತೆ ಸಾಲು ಕಟ್ಟಲು ಸಮಯ ಸಿಗುವುದಿಲ್ಲ. ಕೈ ಬಿಟ್ಟಿರುವುದಿಲ್ಲ, ಆದರೆ ಸಾಲು ತಪ್ಪಿರುತ್ತದೆ. ಅದೇ ಗಾಜು.

ಬರೀ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಇಂಧನದ ಖರ್ಚು ಯಾರು ಕೊಡುತ್ತಾರೆ? ಅದಕ್ಕೇ ಸೋಡಾ ಬೆರೆಸುತ್ತಾರೆ. ಸೋಡಿಯಂ ಸೇರಿದ ಕಡೆ ಬಲೆಯ ಕೈಗಳು ಬಿಟ್ಟುಹೋಗುತ್ತವೆ, ಹಾಗಾಗಿ ಕಡಿಮೆ ಶಾಖಕ್ಕೆ ಕರಗುತ್ತದೆ. ಆದರೆ ಸೋಡಾ ಮಾತ್ರ ಸೇರಿಸಿದ ಗಾಜು ನೀರಿನಲ್ಲಿ ಕರಗುತ್ತದೆ. ಅದನ್ನು ತಡೆಯಲು ಸುಣ್ಣಕಲ್ಲು ಹಾಕುತ್ತಾರೆ. ಕಿಟಕಿ, ಬಾಟಲಿ, ನಮ್ಮ ಮನೆಯ ಲೋಟ ಎಲ್ಲವೂ ಈ ಸೋಡಾ-ಸುಣ್ಣದ ಗಾಜೇ. ಇದರಲ್ಲಿ ಸಿಲಿಕಾ ಸುಮಾರು ಶೇ. 70ರಷ್ಟು.

ನಾವು ಅಕೌಂಟೆನ್ಸಿಯಲ್ಲಿ ಕಲಿತಂತೆ, ಒಂದು ಕಡೆ ಜಮೆಯಾದರೆ ಇನ್ನೊಂದು ಕಡೆ ಖರ್ಚು ಬರೆಯಲೇಬೇಕು. ಬಲೆ ಸಡಿಲವಾದ ಗಾಜು ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಗಾಜಿನ ಕಡ್ಡಿಯನ್ನು 100 ಡಿಗ್ರಿ ಬಿಸಿ ಮಾಡಿದರೆ ಸಾಮಾನ್ಯ ಗಾಜು ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಬೀಕರ್‌ನ ಬೋರೋಸಿಲಿಕೇಟ್ ಗಾಜು 0.33 ಮಿಲಿಮೀಟರ್, ಶುದ್ಧ ಸಿಲಿಕಾ ಗಾಜು ಬರೀ 0.05 ಮಿಲಿಮೀಟರ್. ಬೋರೋಸಿಲಿಕೇಟ್‌ನಲ್ಲಿ ಬೋರಾನ್ ತಾನೂ ಬಲೆಯಲ್ಲಿ ಸೇರಿಕೊಳ್ಳುವುದರಿಂದ ಸೋಡಾ ಕಡಿಮೆ ಸಾಕು. ಇಂಥ ಗಾಜನ್ನು 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಒಟ್ಟೊ ಶಾಟ್ ರೂಪಿಸಿದರು.

ಈಗ ನಮ್ಮ ಲೋಟಕ್ಕೆ ಬನ್ನಿ. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಚಹಾ ತಾಗಿದ ಒಳಮೈ ಕೂಡಲೇ ಹಿಗ್ಗಿತು, ಹೊರಮೈ ಇನ್ನೂ ತಣ್ಣಗೇ ಇತ್ತು. ಒಳಗಿನದು ತಳ್ಳಿದಾಗ ಹೊರಗಿನದು ಎಳೆತಕ್ಕೆ ಸಿಕ್ಕಿತು. ಗಾಜು ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಮೈಮೇಲೆ ಕಣ್ಣಿಗೆ ಕಾಣದ ಒಂದು ಗೀರು ಇದ್ದರೂ ಸಾಕು, ಬಿರುಕು ಅಲ್ಲಿಂದಲೇ ಓಡುತ್ತದೆ. ಲೋಟ ದಪ್ಪವಾದಷ್ಟೂ ಅಪಾಯ ಹೆಚ್ಚು. ದಪ್ಪ ಲೋಟ ಗಟ್ಟಿ ಎಂದು ನಾವು ನಂಬಿದ್ದೇ ತಪ್ಪು.

ಆದ್ದರಿಂದ ತಣ್ಣನೆಯ ಗಾಜಿಗೆ ಕುದಿಯುವುದನ್ನು ಸುರಿಯಬೇಡಿ. ಮೊದಲು ಉಗುರುಬೆಚ್ಚಗಿನ ನೀರು ಆಡಿಸಿ. ಹೋಟೆಲಿನವರು ಚಹಾದ ಗ್ಲಾಸನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುವುದನ್ನು ನೋಡಿರಬಹುದು. ಅದು ಶುಚಿಗೂ ಒಳ್ಳೆಯದು, ಗ್ಲಾಸಿಗೂ ಒಳ್ಳೆಯದು. ಗೀರು ಬಿದ್ದ ಲೋಟವನ್ನು ಬಿಸಿಗೆ ಬಳಸಲೇಬೇಡಿ. ಚಿಕ್ಕ ಮಕ್ಕಳ ಕೈಗೆ ಸ್ಟೀಲ್ ಲೋಟ ಕೊಡುವುದೇ ಲೇಸು.

ಅಂದು ಮನೆಗೆ ಹೋಗಿ ತಂಗಿಯನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ, ಮಾಫಿ ಕೇಳಿದೆ. ಅವಳ ಪಾದದ ಮೇಲೆ ಕಲೆ ಇನ್ನೂ ಇತ್ತು. ಸಿಲಿಕಾ, ಸೋಡಾ ಯಾವುದೂ ಅವಳಿಗೆ ಬೇಕಿರಲಿಲ್ಲ. "ಹಾಗಾದರೆ ಅಬ್ಬಾಗೂ ಹೇಳು, ನಾನು ಸುಳ್ಳು ಹೇಳಿರಲಿಲ್ಲ ಅಂತ" ಎಂದಳು. ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದೆ.