ಮಧ್ಯರಂಗದ ಆಟಗಾರ ರಯಾನ್ ಗ್ರಾವೆನ್‌ಬರ್ಖ್: ಒಂದು ಅಧ್ಯಯನ

ಕಾಲ್ಚೆಂಡಾಟದ ಪಂದ್ಯವೊಂದು ಮುಗಿದ ಮೇಲೆ ಜನರ ಬಾಯಲ್ಲಿ ಉಳಿಯುವುದು ಗೋಲು ಹೊಡೆದವನ ಹೆಸರು. ಅದರ ಮುಂದಿನ ಮರ್ಯಾದೆ ಗೋಲು ತಪ್ಪಿಸಿದ ಗೋಲ್‌ಕೀಪರನಿಗೆ. ಇವರಿಬ್ಬರ ನಡುವೆ, ಮೈದಾನದ ನಟ್ಟನಡುವೆ, ತೊಂಬತ್ತು ನಿಮಿಷ ಓಡಾಡಿ, ಎದುರಾಳಿಯಿಂದ ಚೆಂಡನ್ನು ಕಸಿದು ತನ್ನವರಿಗೆ ಒಪ್ಪಿಸುವವನ ಲೆಕ್ಕ ಇಡುವವರು ಕಡಮೆ. ಹಿಂದಿನ ಕಾಲದಲ್ಲಿ ಹಾಫ್‌ಬ್ಯಾಕ್ ಎಂದು ಕರೆಯುತ್ತಿದ್ದ ಈ ಆಟಗಾರನನ್ನು ಇಂದು ಮಿಡ್‌ಫೀಲ್ಡರ್, ಅಂದರೆ ಮಧ್ಯರಂಗದ ಆಟಗಾರ, ಎನ್ನುತ್ತಾರೆ. ಹೆಸರು ಬದಲಾದರೂ ದುಡಿಮೆ ಹೆಚ್ಚು ಕಡಮೆ ಅದೇ.

ಇಂಥ ದುಡಿಮೆಯನ್ನೇ ವೃತ್ತಿಯಾಗಿ ಪಡೆದ ನೆದರ್‌ಲೆಂಡ್ಸಿನ ತರುಣ ರಯಾನ್ ಗ್ರಾವೆನ್‌ಬರ್ಖ್. ಹದಿನಾರರಲ್ಲಿ ದಾಖಲೆ, ಇಪ್ಪತ್ತರಲ್ಲಿ ಬೆಂಚು, ಇಪ್ಪತ್ತೆರಡರಲ್ಲಿ ಇಂಗ್ಲೆಂಡಿನ ಚಾಂಪಿಯನ್ ತಂಡದ ಆಧಾರ: ಇದು ಈತನ ಜೀವನದ ಸಂಕ್ಷೇಪ. ಪ್ರತಿಭೆ ಒಂದು, ಆ ಪ್ರತಿಭೆಗೆ ಒಪ್ಪುವ ಜಾಗ ಇನ್ನೊಂದು. ಎರಡೂ ಕೂಡುವವರೆಗೆ ಮನುಷ್ಯನ ಬೆಲೆ ಗೊತ್ತಾಗುವುದಿಲ್ಲ ಎಂಬುದಕ್ಕೆ ಈತನ ಕಥೆ ಒಳ್ಳೆಯ ಉದಾಹರಣೆ. ವಯಸ್ಸಿನಲ್ಲಿ ನಮಗೆ ಸಮೀಪದವನಾದುದರಿಂದ ಈ ಪುಟಗಳಲ್ಲಿ ಆತನ ವಿಚಾರ ಅಪ್ರಸ್ತುತವಾಗಲಾರದು.

ಬಾಲ್ಯ ಮತ್ತು ಶಿಕ್ಷಣ

ಗ್ರಾವೆನ್‌ಬರ್ಖ್ ಹುಟ್ಟಿದ್ದು 2002ನೆಯ ಇಸವಿ ಮೇ 16ರಂದು, ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ. ಮನೆತನದ ಮೂಲ ದಕ್ಷಿಣ ಅಮೆರಿಕದ ಸುರಿನಾಮ್. ಆ ನಾಡು 1975ರವರೆಗೆ ಡಚ್ಚರ ಆಳ್ವಿಕೆಯಲ್ಲಿತ್ತು. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ಅಲ್ಲಿಂದ ಸಾವಿರಾರು ಕುಟುಂಬಗಳು ನೆದರ್‌ಲೆಂಡ್ಸಿಗೆ ಬಂದು ನೆಲೆಸಿದುವು. ಫ್ರಾಂಕ್ ರೈಕಾರ್ಡ್, ಎಡ್ಗರ್ ಡೇವಿಡ್ಸ್, ಕ್ಲಾರೆನ್ಸ್ ಸೀಡಾರ್ಫ್ ಮುಂತಾದ ಹೆಸರಾಂತ ಡಚ್ ಆಟಗಾರರು ಇದೇ ಮೂಲದವರು. ರಯಾನನ ಅಣ್ಣ ಡಾನ್ಜೆಲ್ ಸಹ ವೃತ್ತಿಪರ ಆಟಗಾರನೇ. ಆದುದರಿಂದ ಮನೆಯಲ್ಲಿ ಚೆಂಡಿಗೆ ಬರವಿರಲಿಲ್ಲ.

ಊರಿನ ಚಿಕ್ಕ ಕ್ಲಬ್ಬೊಂದರಲ್ಲಿ ಆಡುತ್ತಿದ್ದ ಹುಡುಗನನ್ನು 2010ರಲ್ಲಿ, ಎಂಟನೆಯ ವಯಸ್ಸಿನಲ್ಲಿ, ಅಯಾಕ್ಸ್ ಕ್ಲಬ್ಬು ತನ್ನ ಶಾಲೆಗೆ ಸೇರಿಸಿಕೊಂಡಿತು. ಈ ಶಾಲೆ ನಡೆಯುವ ಮೈದಾನಕ್ಕೆ ಡಚ್ಚರು ಇಟ್ಟಿರುವ ಹೆಸರಿನ ಅರ್ಥ 'ಭವಿಷ್ಯ'. ಇಲ್ಲಿ ಬಾಲಕರನ್ನು ಅಳೆಯುವ ಮಾನದಂಡಗಳು ನಾಲ್ಕು: ತಾಂತ್ರಿಕ ಕೌಶಲ, ಆಟದ ಒಳನೋಟ, ವ್ಯಕ್ತಿತ್ವ ಮತ್ತು ವೇಗ. ಓಡುವ ಶಕ್ತಿಯನ್ನು ಕೊನೆಗಿಟ್ಟು ಚೆಂಡನ್ನು ಪಳಗಿಸುವ ಕಲೆಯನ್ನು ಮೊದಲಿಗಿಟ್ಟಿರುವುದನ್ನು ಗಮನಿಸಬೇಕು. ಮುಂದೆ 190 ಸೆಂಟಿಮೀಟರ್ ಎತ್ತರಕ್ಕೆ ಬೆಳೆದ ಈ ಹುಡುಗನ ಕಾಲಿನಲ್ಲಿ ಕುಳ್ಳ ಆಟಗಾರರಲ್ಲಿ ಕಾಣುವ ನಯ ಉಳಿದುದಕ್ಕೆ ಈ ಶಿಕ್ಷಣವೇ ಕಾರಣವಿರಬೇಕು.

2018ರಲ್ಲಿ ಶಾಲೆಯ ಅತ್ಯುತ್ತಮ ಪ್ರತಿಭೆಯೆಂದು ಆತನಿಗೆ ಅಬ್ದೆಲ್‌ಹಕ್ ನೂರಿ ಪಾರಿತೋಷಕ ದೊರೆಯಿತು. ಆ ಹೆಸರಿನ ಹಿಂದೆ ಒಂದು ದುಃಖದ ಸಂಗತಿಯಿದೆ. ನೂರಿ ಇದೇ ಅಯಾಕ್ಸ್ ಶಾಲೆಯಲ್ಲಿ ಬೆಳೆದ ಮಧ್ಯರಂಗದ ಆಟಗಾರ. 2017ರ ಜುಲೈ 8ರಂದು ಆಸ್ಟ್ರಿಯಾದಲ್ಲಿ ನಡೆದ ಸ್ನೇಹಪಂದ್ಯದಲ್ಲಿ ಹೃದಯದ ಬಡಿತ ತಪ್ಪಿ ಮೈದಾನದಲ್ಲಿಯೇ ಕುಸಿದುಬಿದ್ದನು. ಮೆದುಳಿಗೆ ತೀವ್ರ ಪೆಟ್ಟಾಯಿತು. ಆಗ ಆತನಿಗೆ ಕೇವಲ 20 ವರ್ಷ. ಪ್ರತಿಭೆಗೆ ಕೊಟ್ಟ ಬಹುಮಾನವೇ ಪ್ರತಿಭೆ ಎಷ್ಟು ನಾಜೂಕಾದ ವಸ್ತುವೆಂಬುದನ್ನು ನೆನಪಿಸುತ್ತಿತ್ತು.

ದಾಖಲೆಯ ದಿನ

2018ರ ಸೆಪ್ಟೆಂಬರ್ 23ರಂದು ಐಂಡ್‌ಹೋವನ್ ನಗರದ ಪಿ.ಎಸ್.ವಿ. ತಂಡದ ವಿರುದ್ಧ ಗ್ರಾವೆನ್‌ಬರ್ಖ್ ಬದಲಿ ಆಟಗಾರನಾಗಿ ಮೈದಾನಕ್ಕಿಳಿದನು. ಅಂದು ಆತನ ವಯಸ್ಸು 16 ವರ್ಷ 130 ದಿನ. ಅಯಾಕ್ಸ್ ಪರವಾಗಿ ಡಚ್ ಲೀಗಿನಲ್ಲಿ ಆಡಿದ ಅತಿ ಕಿರಿಯನೆಂಬ ದಾಖಲೆ 1992ರಿಂದ ಸೀಡಾರ್ಫನ ಹೆಸರಿನಲ್ಲಿತ್ತು, ಅದು ಮುರಿಯಿತು. ಪಂದ್ಯವನ್ನು ಮಾತ್ರ ಅಯಾಕ್ಸ್ 0-3ರಿಂದ ಸೋತಿತು. ಸೋತ ದಿನದ ದಾಖಲೆಯಾದರೂ ಪತ್ರಿಕೆಗಳು ಅದನ್ನು ಮೆರೆಸಿದುವು.

ಆದರೆ ದಾಖಲೆಯ ಮರುದಿನವೇ ಆತನು ತಂಡದ ಖಾಯಂ ಆಟಗಾರನಾಗಲಿಲ್ಲ. ಎರಡನೆಯ ದರ್ಜೆಯ ಲೀಗಿನಲ್ಲಿ ಅಯಾಕ್ಸ್‌ನ ಕಿರಿಯರ ತಂಡದೊಡನೆ ಆಡುತ್ತ ಕಾಯಬೇಕಾಯಿತು. ಫ್ರೆಂಕಿ ಡಿ ಯಾಂಗ್ 2019ರಲ್ಲಿ ಬಾರ್ಸಿಲೋನಾಕ್ಕೂ, ಡಾನಿ ಫಾನ್ ಡ ಬೇಕ್ 2020ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಹೊರಟುಹೋದ ಮೇಲೆ ಮಧ್ಯರಂಗದಲ್ಲಿ ತೆರವಾಯಿತು. 2020-21ರ ಸಾಲಿನಲ್ಲಿ ಗ್ರಾವೆನ್‌ಬರ್ಖ್ ಆ ಜಾಗವನ್ನು ತುಂಬಿದನು. ಆ ವರ್ಷ ಅಯಾಕ್ಸ್ ಲೀಗನ್ನೂ ರಾಷ್ಟ್ರೀಯ ಕಪ್ಪನ್ನೂ ಗೆದ್ದಿತು. ಫಿಟೆಸ್ ತಂಡದೊಡನೆ ನಡೆದ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೊದಲ ಗೋಲು ಈತನದು. 2021ರ ಮಾರ್ಚಿನಲ್ಲಿ ರಾಷ್ಟ್ರತಂಡದ ಕಿತ್ತಳೆ ಅಂಗಿ ದೊರೆಯಿತು. ಹತ್ತೊಂಬತ್ತು ತುಂಬುವ ಮೊದಲೇ ಇಷ್ಟೆಲ್ಲ ಕೈಗೂಡಿದುದರಿಂದ ಮುಂದಿನ ದಾರಿ ಹೂವಿನ ಹಾಸಿಗೆಯೆಂದು ಎಲ್ಲರೂ ಭಾವಿಸಿದ್ದು ಸಹಜ.

ಮ್ಯೂನಿಕ್ಕಿನ ಬೆಂಚು

2022ರ ಜೂನ್ ತಿಂಗಳಿನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬು ಆತನನ್ನು ಐದು ವರ್ಷಗಳ ಒಪ್ಪಂದದ ಮೇಲೆ ಕೊಂಡಿತು. ಅಲ್ಲಿಯ ಮಧ್ಯರಂಗದಲ್ಲಿ ಆಗಲೇ ಯೋಶುವಾ ಕಿಮ್ಮಿಖ್, ಲಿಯಾನ್ ಗೊರೆಟ್ಸ್ಕಾ ಬೇರೂರಿದ್ದರು. ಒಂದು ಸಾಲಿನ 34 ಲೀಗ್ ಪಂದ್ಯಗಳ ಪೈಕಿ 24ರಲ್ಲಿ ಗ್ರಾವೆನ್‌ಬರ್ಖ್ ಕಾಣಿಸಿಕೊಂಡನು. ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಮೊದಲ ನಿಮಿಷದಿಂದ ಆಡಿದುದು ಮೂರು ಪಂದ್ಯಗಳಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಆಟ ಮುಗಿಯುವ ಹೊತ್ತಿಗೆ ಕರೆ ಬರುತ್ತಿತ್ತು. ಮೈ ಬಿಸಿಯೇರುವಷ್ಟರಲ್ಲಿ ಕೊನೆಯ ಸೀಟಿ ಕೇಳಿಸುತ್ತಿತ್ತು. ಕಟಾರಿನಲ್ಲಿ ನಡೆದ 2022ರ ವಿಶ್ವಕಪ್ಪಿನ ಡಚ್ ತಂಡದಲ್ಲಿಯೂ ಆತನಿಗೆ ಜಾಗ ಸಿಗಲಿಲ್ಲ.

2023ರಲ್ಲಿ ಬಯರ್ನ್ ಲೀಗನ್ನು ಗೆದ್ದಾಗ ಈತನ ಕೊರಳಿಗೂ ಪದಕ ಬಿದ್ದಿತು. ಆದರೆ ಪದಕ ಬೇರೆ, ಪಾಲು ಬೇರೆ. ಈ ವರ್ಷ ಸಂಪೂರ್ಣ ವ್ಯರ್ಥವೆಂದು ಕೆಲವರ ಅಭಿಪ್ರಾಯ. ಸೋಲನ್ನು ಕಂಡರಿಯದ ಹುಡುಗನಿಗೆ ಇದೊಂದು ಅವಶ್ಯಕ ಪಾಠವೆಂದು ಮತ್ತೆ ಕೆಲವರ ವಾದ. ನನಗೆ ತೋರುವಂತೆ ಎರಡನೆಯ ಮಾತು ಫಲವನ್ನು ಕಂಡ ಮೇಲೆ ಆಡುವ ಮಾತು. ಬೆಂಚಿನ ಮೇಲೆ ಕುಳಿತ ಎಷ್ಟೋ ಪ್ರತಿಭೆಗಳು ಅಲ್ಲಿಯೇ ಮುರುಟಿಹೋಗುತ್ತವೆ. ಅವುಗಳ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ಕುಳಿತಿರುವುದೇ ಯಾರನ್ನೂ ಬೆಳೆಸದು. ಕುಳಿತಾಗಲೂ ಕೈಬಿಡದೆ ಕಾಪಾಡಿಕೊಂಡ ಅಭ್ಯಾಸ ಮಾತ್ರ ಮುಂದೆ ಉಪಯೋಗಕ್ಕೆ ಬರುತ್ತದೆ.

ಲಿವರ್‌ಪೂಲಿನ ಮೊದಲ ವರ್ಷ

2023ರ ಸೆಪ್ಟೆಂಬರ್ 1ರಂದು, ಆಟಗಾರರ ವರ್ಗಾವಣೆಯ ಗಡುವು ಮುಗಿಯುವ ದಿನ, ಆತನು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬನ್ನು ಸೇರಿದನು. ಹೊಸ ಕ್ಲಬ್ಬಿನಲ್ಲಿ ನೆಲೆಯೂರಬೇಕೆಂದು 21 ವರ್ಷದೊಳಗಿನವರ ಡಚ್ ತಂಡದ ಕರೆಯನ್ನು ಒಪ್ಪಲಿಲ್ಲ. ಇದರಿಂದ ರಾಷ್ಟ್ರತಂಡದ ತರಬೇತುದಾರ ರೊನಾಲ್ಡ್ ಕೂಮನ್ ಅಸಮಾಧಾನಗೊಂಡರು. ಲಿವರ್‌ಪೂಲಿನಲ್ಲಿ ಯುರ್ಗೆನ್ ಕ್ಲಾಪ್ ಆತನನ್ನು ಒಮ್ಮೆ ಆಡಿಸುತ್ತ ಒಮ್ಮೆ ಕೂರಿಸುತ್ತ ಒಂದು ವರ್ಷ ಕಳೆದರು. 2024ರ ಫೆಬ್ರುವರಿ 25ರಂದು ಚೆಲ್ಸಿಯೊಡನೆ ನಡೆದ ಲೀಗ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಅರ್ಧ ಗಂಟೆಯೂ ಆಗುವ ಮುನ್ನ ಕಾಲಿಗೆ ಪೆಟ್ಟಾಗಿ ಹೊರಹೋಗಬೇಕಾಯಿತು. ಕಪ್ಪು ತಂಡಕ್ಕೆ ಬಂದಿತು. ಆ ಬೇಸಿಗೆಯ ಯೂರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ನೆದರ್‌ಲೆಂಡ್ಸ್ ಉಪಾಂತ್ಯದವರೆಗೆ ಹೋದರೂ ಗ್ರಾವೆನ್‌ಬರ್ಖ್ ಒಂದು ನಿಮಿಷವೂ ಆಡಲಿಲ್ಲ. 22ನೆಯ ವಯಸ್ಸಿಗೆ ಆತನು 'ಆಗಬಹುದಾಗಿದ್ದವನು' ಎಂಬ ಪಟ್ಟಿಗೆ ಸೇರುವ ಸೂಚನೆಗಳೆಲ್ಲ ಇದ್ದುವು.

ಆರನೆಯ ಸ್ಥಾನ

ಕ್ಲಾಪ್ ಹೊರಟರು; ಡಚ್ಚರೇ ಆದ ಆರ್ನ ಸ್ಲಾಟ್ ಬಂದರು. ತಂಡಕ್ಕೆ ಅಗತ್ಯವಾಗಿದ್ದುದು ರಕ್ಷಣಾಪಂಕ್ತಿಯ ಮುಂದೆ ನಿಲ್ಲುವ ಒಬ್ಬ ಆಟಗಾರ. ಇಂಗ್ಲಿಷರು ಈ ಸ್ಥಾನವನ್ನು 'ಸಿಕ್ಸ್', ಅಂದರೆ ಆರನೆಯದು, ಎನ್ನುತ್ತಾರೆ. ಸ್ಪೇನಿನ ಮಾರ್ಟಿನ್ ಸುಬಿಮೆಂಡಿಯನ್ನು ಕರೆತರಲು ಕ್ಲಬ್ಬು ಪ್ರಯತ್ನಿಸಿತು. 2024ರ ಆಗಸ್ಟಿನಲ್ಲಿ ಆತನು ಬರಲೊಲ್ಲೆನೆಂದನು. ಅಲ್ಲಿಯವರೆಗೆ ಹೆಚ್ಚಾಗಿ ಮುಂದಕ್ಕೆ ನುಗ್ಗುವ ಮಧ್ಯರಂಗದವನಾಗಿದ್ದ ಗ್ರಾವೆನ್‌ಬರ್ಖನನ್ನು ಸ್ಲಾಟ್ ಹಿಂದಕ್ಕೆ ಕರೆದು ಆ ಸ್ಥಾನದಲ್ಲಿ ನಿಲ್ಲಿಸಿದರು.

ಈ ಸ್ಥಾನದ ಕಷ್ಟವೇನೆಂಬುದನ್ನು ತುಸು ವಿವರಿಸಬೇಕು. ಇಲ್ಲಿ ನಿಂತವನಿಗೆ ಚೆಂಡು ಬರುವುದು ತನ್ನದೇ ಬ್ಯಾಕ್ ಆಟಗಾರರ ಕಡೆಯಿಂದ. ಆದುದರಿಂದ ಆತನ ಮುಖ ತನ್ನ ಗೋಲಿನ ಕಡೆಗೆ, ಬೆನ್ನು ಎದುರಾಳಿಯ ಕಡೆಗೆ. ಬೆನ್ನ ಹಿಂದೆ ಯಾರು ಓಡಿಬರುತ್ತಿದ್ದಾರೆಂಬುದು ಕಾಣುವುದಿಲ್ಲ. ಚೆಂಡು ಇಲ್ಲಿ ಕಳೆದರೆ ಎದುರಾಳಿಗೂ ಗೋಲಿಗೂ ನಡುವೆ ಹೆಚ್ಚು ಜನರಿಲ್ಲ. ಹೀಗಾಗಿ ಅನೇಕರು ಚೆಂಡನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ ಅಪಾಯದಿಂದ ಪಾರಾಗುತ್ತಾರೆ. ಗ್ರಾವೆನ್‌ಬರ್ಖನ ವಿಶೇಷವಿರುವುದು ಇಲ್ಲಿಯೇ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿಕೊಂಡು ಮೈಯನ್ನು ಅರ್ಧ ತಿರುಗಿಸಿ ನಿಲ್ಲುತ್ತಾನೆ. ಚೆಂಡು ತನ್ನ ಮುಂದೆಯೇ ಹಾದುಹೋಗಲು ಬಿಟ್ಟು ದೂರದ ಕಾಲಿನಿಂದ ಅದನ್ನು ಮುಟ್ಟುತ್ತಾನೆ. ಆ ಒಂದು ಮುಟ್ಟಿನಿಂದಲೇ ಬೆನ್ನಟ್ಟಿಬಂದವನು ಹಿಂದೆ ಬೀಳುತ್ತಾನೆ. ಮುಂದಿನ ಮೈದಾನವೆಲ್ಲ ತೆರೆದುಕೊಳ್ಳುತ್ತದೆ. ಅಯಾಕ್ಸ್ ಶಾಲೆಯಲ್ಲಿ ಕಲಿತ ನಯ ಮುಂದಿನ ಸಾಲಿನಲ್ಲಿ ಅಲಂಕಾರದಂತಿತ್ತು. ಹಿಂದಿನ ಸಾಲಿಗೆ ಬಂದೊಡನೆ ಅದು ತಂಡದ ಬೀಗದ ಕೈಯಾಯಿತು.

ಎರಡನೆಯ ಕೆಲಸ ತಡೆಯುವುದು. ಉದ್ದನೆಯ ಕಾಲುಗಳು ಇಲ್ಲಿ ನೆರವಾಗುತ್ತವೆ. ಆದರೆ ಚೆಂಡು ಎಲ್ಲಿಗೆ ಹೋಗಲಿದೆಯೆಂದು ಮುಂಚಿತವಾಗಿ ಊಹಿಸುವ ಬುದ್ಧಿ ಅದಕ್ಕಿಂತ ದೊಡ್ಡದು. 2024ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿರುದ್ಧ ಕಾಸೆಮಿರೊ ಕಳುಹಿಸಿದ ಚೆಂಡನ್ನು ನಡುವೆ ಹಿಡಿದು ಮುನ್ನುಗ್ಗಿದವನು ಈತ. ಅಲ್ಲಿಂದ ಚೆಂಡು ಸಲಾಹನಿಗೆ, ಸಲಾಹನಿಂದ ಲೂಯಿಸ್ ಡಿಯಾಸನ ತಲೆಗೆ, ಅಲ್ಲಿಂದ ಬಲೆಗೆ. ದಾಖಲೆಯ ಪುಸ್ತಕದಲ್ಲಿ ಗೋಲು ಡಿಯಾಸನದು, ನೆರವು ಸಲಾಹನದು. ಮೊದಲು ಚೆಂಡನ್ನು ಕಸಿದವನಿಗೆ ಅಲ್ಲಿ ಅಂಕಣವಿಲ್ಲ.

ಫಲ

2024-25ರ ಸಾಲಿನ 38 ಲೀಗ್ ಪಂದ್ಯಗಳಲ್ಲಿ 37ನ್ನು ಗ್ರಾವೆನ್‌ಬರ್ಖ್ ಆಡಿದನು, ಎಲ್ಲವನ್ನೂ ಮೊದಲ ನಿಮಿಷದಿಂದ. ಮ್ಯೂನಿಕ್ಕಿನ ಮೂರರ ಪಕ್ಕದಲ್ಲಿ ಈ ಮೂವತ್ತೇಳನ್ನು ಇಟ್ಟು ನೋಡಬೇಕು. 2025ರ ಏಪ್ರಿಲ್ 27ರಂದು ಟಾಟನ್‌ಹ್ಯಾಮ್ ತಂಡವನ್ನು 5-1ರಿಂದ ಸೋಲಿಸಿ ಲಿವರ್‌ಪೂಲ್ 20ನೆಯ ಬಾರಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಆ ಸಾಲಿನ ಪ್ರೀಮಿಯರ್ ಲೀಗ್ ಶ್ರೇಷ್ಠ ಯುವ ಆಟಗಾರನೆಂಬ ಪ್ರಶಸ್ತಿ ಈತನಿಗೆ ಸಂದಿತು. ವಿಶೇಷವೆಂದರೆ ಇಡೀ ಲೀಗಿನಲ್ಲಿ ಆತನು ಒಂದು ಗೋಲನ್ನೂ ಹೊಡೆದಿರಲಿಲ್ಲ.

ಮರುವರ್ಷ ಆ ಕೊರತೆಯೂ ನೀಗಿತು. 2025ರ ಆಗಸ್ಟಿನಲ್ಲಿ ನ್ಯೂಕಾಸಲ್ ವಿರುದ್ಧ, ಸೆಪ್ಟೆಂಬರಿನಲ್ಲಿ ನೆರೆಯ ಎವರ್ಟನ್ ವಿರುದ್ಧ ಗೋಲು ಹೊಡೆದನು. ಆದರೆ ಅದೇ ಶರತ್ಕಾಲದಲ್ಲಿ ಲಿವರ್‌ಪೂಲ್ ಲೀಗಿನಲ್ಲಿ ಸಾಲಾಗಿ ನಾಲ್ಕು ಪಂದ್ಯಗಳನ್ನು ಸೋತುದೂ ಉಂಟು. ಆಟದ ಜೀವನದಲ್ಲಿ ಗೆಲವು ಯಾರ ಮನೆಯಲ್ಲೂ ಬಿಡಾರ ಹೂಡುವುದಿಲ್ಲ.

ಉಪಸಂಹಾರ

ಇದೆಲ್ಲ ಅದೃಷ್ಟವಷ್ಟೆ, ಸುಬಿಮೆಂಡಿ ಒಪ್ಪಿಬಿಟ್ಟಿದ್ದರೆ ಗ್ರಾವೆನ್‌ಬರ್ಖ್ ಇನ್ನೂ ಬೆಂಚಿನ ಮೇಲೆಯೇ ಇರುತ್ತಿದ್ದನಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಬಾಗಿಲು ತೆರೆದುದು ಅದೃಷ್ಟವೆಂದೇ ಒಪ್ಪೋಣ. ಆದರೆ ಆ ಬಾಗಿಲ ಬಳಿ ಅಂದು ಆತನು ಸಿದ್ಧನಾಗಿ ನಿಂತಿದ್ದನು. ಹೆಸರು ತಂದುಕೊಡದ ಕೆಲಸವೆಂದು ಹೊಸ ಸ್ಥಾನವನ್ನು ಹಳಿಯಲಿಲ್ಲ. ಗುರುವಾದವನೂ ಆತನಲ್ಲಿ ಇಲ್ಲದ ಗುಣವನ್ನು ತುಂಬಲು ಹೋಗದೆ ಇದ್ದ ಗುಣಕ್ಕೆ ತಕ್ಕ ಜಾಗವನ್ನು ಹುಡುಕಿದನು.

ಪ್ರತಿ ವರ್ಷವೂ ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತು, ಒಬ್ಬನನ್ನು ಬುದ್ಧಿವಂತನೆಂದೂ ಇನ್ನೊಬ್ಬನನ್ನು ಕೈಲಾಗದವನೆಂದೂ ತೀರ್ಮಾನಿಸಿಬಿಡುವ ಅಭ್ಯಾಸ ನಮ್ಮಲ್ಲಿದೆ. ಹದಿನಾರರಲ್ಲಿ ಹೊಗಳಿದವರೂ ಇಪ್ಪತ್ತರಲ್ಲಿ ಕೈಬಿಟ್ಟವರೂ ಗ್ರಾವೆನ್‌ಬರ್ಖನ ವಿಷಯದಲ್ಲಿ ಸಮನಾಗಿ ಅವಸರಪಟ್ಟರು. ವಿದ್ಯಾರ್ಥಿಮಿತ್ರರು ತಮ್ಮನ್ನು ತಾವು ಅಳೆದುಕೊಳ್ಳುವಾಗ, ಅಧ್ಯಾಪಕರು ನಮ್ಮನ್ನು ಅಳೆಯುವಾಗ, ಈ ಡಚ್ ತರುಣನ ಮೂರು ಮತ್ತು ಮೂವತ್ತೇಳರ ಲೆಕ್ಕವನ್ನು ಒಮ್ಮೆ ನೆನೆದರೆ ಒಳಿತು.