ಇಂದಿನ ಧಮ್ಮ ಚಿಂತನೆ: ಕೋಳಿಗೂಡಿನ ಬಾಗಿಲು ಯಾರು ಹಾಕುತ್ತಾರೆ?





ಡಿಸೆಂಬರ್ 6 ಹತ್ತಿರ ಬರುತ್ತಿದೆ. ಬಾಬಾಸಾಹೇಬರ ಮಹಾಪರಿನಿರ್ವಾಣ ದಿನಕ್ಕೆ ಅಂಕೋಲಾ, ಕಾರವಾರದ ಕಡೆಯಿಂದ ಕೊಂಕಣ ರೈಲು ಹಿಡಿದು ಮುಂಬೈ ದಾದರಿನ ಚೈತ್ಯಭೂಮಿಗೆ ಹೋಗುವವರಿಗೆ ಹೋಗಿ ಬರಲು ಮೂರು ದಿನವಾದರೂ ಬೇಕು. ಟಿಕೆಟ್, ಬಟ್ಟೆ, ಬುತ್ತಿ ಎಲ್ಲದರ ಲೆಕ್ಕ ಮೊದಲೇ ಆಗುತ್ತದೆ. ಹಿತ್ತಲಿನ ಐದಾರು ಕೋಳಿಗಳು ಮಾತ್ರ ಹೊರಡುವ ಸಂಜೆ ನೆನಪಾಗುತ್ತವೆ. ಆಗ ಎರಡರಲ್ಲಿ ಒಂದಾಗುತ್ತದೆ. "ಮೂರು ದಿನ ತಾನೆ, ಹೇಗೋ ಮೇಯ್ದುಕೊಳ್ಳುತ್ತವೆ" ಎಂದು ಕಾಳು ಚೆಲ್ಲಿ ಹೊರಡುತ್ತೇವೆ. ಇಲ್ಲವೇ ಮನೆಯ ಹೆಂಗಸು "ನೀವು ಹೋಗಿ ಬನ್ನಿ, ಕೋಳಿ ನೋಡಿಕೊಂಡು ನಾನಿರುತ್ತೇನೆ" ಎನ್ನುತ್ತಾಳೆ. ಈ ಎರಡೂ ದಾರಿ ಧಮ್ಮಕ್ಕೆ ಹೊಂದುವುದಿಲ್ಲ. ಏಕೆ ಎಂದು ನೋಡೋಣ.

*1. ಶೀಲದ ಮಾತು*

ಪಂಚಶೀಲದ ಮೊದಲನೆಯದು ಪಾಣಾತಿಪಾತಾ ವೇರಮಣಿ, ಜೀವಹಿಂಸೆಯಿಂದ ದೂರವಿರುವುದು. "ನಾವು ಕೋಳಿ ತಿನ್ನುವವರು, ನಮಗೆ ಈ ಮಾತು ಏಕೆ?" ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಬಿಡುವ ಮಾತಿದೆ, ಮಾಂಸ ಬಿಡುವ ಮಾತಿಲ್ಲ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಅಹಿಂಸೆಯನ್ನು ಕುರುಡು ನಿಯಮವಾಗಿ ನೋಡದೆ ತತ್ವವಾಗಿ ವಿವರಿಸುತ್ತಾರೆ. ಅಗತ್ಯಕ್ಕೆ ಕೊಲ್ಲುವುದು ಬೇರೆ, ಕೊಲ್ಲುವ ಮನಸ್ಸಿನಿಂದ ಕೊಲ್ಲುವುದು ಬೇರೆ ಎಂದು ಬಿಡಿಸಿ ತೋರಿಸುತ್ತಾರೆ.

ಹಾಗಾದರೆ ಬಾಯಾರಿಕೆಯಿಂದ ಸಾಯುವ ಕೋಳಿಯ ಸಾವು ಯಾವ ಅಗತ್ಯದ್ದು? ಯಾರ ಹಸಿವೂ ಅದರಿಂದ ತೀರಲಿಲ್ಲ. ಅದು ಬರೀ ಅಲಕ್ಷ್ಯದಿಂದ ಆದ ಸಾವು. ನಾಳೆ ಸಾರಿಗೆ ಹೋಗುವ ಕೋಳಿಯಾದರೂ ಇಂದು ಅದಕ್ಕೆ ನೀರು ಸಿಗಬೇಕು. 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ದಯೆ ಇಡುವುದರ ಜೊತೆಗೆ ಅವುಗಳನ್ನು ಪಾಲಿಸುವುದನ್ನೂ ಹೇಳುತ್ತದೆ. ದಯೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬಹುದು, ಪಾಲನೆಗೆ ಕೈ ಬೇಕು. ದೇಶದ ಕಾನೂನೂ ಇದನ್ನೇ ಹೇಳುತ್ತದೆ: 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು ಅಪರಾಧ.

*2. ಕೋಳಿಗೆ ಬೇಕಾದದ್ದು*

🔹 *ನೀರು:* ದೊಡ್ಡ ಹೇಂಟೆ ದಿನಕ್ಕೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ, ಸೆಕೆಯಲ್ಲಿ ಇನ್ನೂ ಹೆಚ್ಚು. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಬಿಸಿಯೇ. ಆರು ಕೋಳಿಗೆ ಮೂರು ದಿನಕ್ಕೆ ನಾಲ್ಕೂವರೆ ಲೀಟರ್ ಆಗುತ್ತದೆ, ಅದರ ಎರಡರಷ್ಟು ಇಡಿ. ಒಂದೇ ಪಾತ್ರೆ ಬೇಡ, ಒಂದು ಮಗುಚಿದರೆ ಇನ್ನೊಂದಿರಲಿ. ಎರಡನ್ನೂ ನೆರಳಿನಲ್ಲಿಡಿ.

🔹 *ಆಹಾರ:* ಕೂಡಿಟ್ಟ ಕೋಳಿಗೆ ದಿನಕ್ಕೆ ಸುಮಾರು 100 ಗ್ರಾಂ. ಆರಕ್ಕೆ ಮೂರು ದಿನಕ್ಕೆ ಎರಡು ಕಿಲೋ ಸಾಕು. ನೆನೆಸಿದ ತವುಡು, ಮಿಕ್ಕಿದ ಅನ್ನ ರಾಶಿ ಹಾಕಿ ಹೋಗಬೇಡಿ. ಅದು ಹುಳಿದು ಬೂಸ್ಟು ಹಿಡಿಯುತ್ತದೆ, ಕೋಳಿಗೆ ವಿಷವಾಗುತ್ತದೆ. ಒಣ ಕಾಳೇ ಒಳ್ಳೆಯದು.

🔹 *ಗೂಡು:* ಸಾಧಾರಣ ಕೋಳಿ ಬಲೆ ಕೋಳಿಯನ್ನು ಒಳಗಿಡುತ್ತದೆ, ಮುಂಗುಸಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಬೇಕು. ಬುಡದಲ್ಲಿ ಮಣ್ಣು ಕೆದಕದಂತೆ ಕಲ್ಲು ಜೋಡಿಸಿ.

🔹 *ಬಾಗಿಲು:* ಕತ್ತಲಾಗುವಾಗ ಕೋಳಿ ತಾನಾಗಿಯೇ ಗೂಡು ಸೇರುತ್ತದೆ. ರಾತ್ರಿ ಅದಕ್ಕೆ ಸರಿಯಾಗಿ ಕಣ್ಣು ಕಾಣುವುದಿಲ್ಲ. ಕಾಡುಬೆಕ್ಕು, ಪುನುಗುಬೆಕ್ಕು, ಹೆಬ್ಬಾವು ಬರುವುದು ಆಗಲೇ. ಗಿರಿರಾಜದಂಥ ಭಾರದ ಕೋಳಿಗೆ ನಾಡಕೋಳಿಯಂತೆ ಮರ ಹತ್ತಿ ತಪ್ಪಿಸಿಕೊಳ್ಳಲೂ ಆಗದು. ಸಂಜೆ ಬಾಗಿಲು ಹಾಕಬೇಕು, ಬೆಳಿಗ್ಗೆ ತೆಗೆಯಬೇಕು.

ನೀರು, ಕಾಳು ಮೂರು ದಿನಕ್ಕೆ ಇಟ್ಟು ಹೋಗಬಹುದು. ಬಾಗಿಲು ಹಾಕಲು ಮನುಷ್ಯರೇ ಬೇಕು. ಆದ್ದರಿಂದ ಕೊನೆಗೆ ಪ್ರಶ್ನೆ ಬರುವುದು ನಮ್ಮ ನಮ್ಮ ಸಂಬಂಧದ ಮೇಲೆ.

*3. ಉಳಿಯುವವರು ಯಾರು?*

ಹಲವು ಮನೆಗಳಲ್ಲಿ ಕೋಳಿ, ಮೊಟ್ಟೆ ಮಾರಿದ ಹಣವೇ ಹೆಂಗಸಿನ ಕೈಯಲ್ಲಿ ಓಡಾಡುವ ಸ್ವಂತ ಹಣ. ಕಾಡುಬೆಕ್ಕು ಹೊಕ್ಕು ಒಂದು ರಾತ್ರಿ ನಾಲ್ಕು ಕೋಳಿ ಹೋದರೆ ನಷ್ಟ ಅವಳದು. ಆ ಹೆದರಿಕೆಯಿಂದಲೇ ಅವಳು ಪ್ರತಿ ವರ್ಷ ಉಳಿಯುತ್ತಾಳೆ. ಚೈತ್ಯಭೂಮಿಯ ಫೋಟೋ ಮೊಬೈಲಿನಲ್ಲಿ ನೋಡುತ್ತಾಳೆ. 1942ರ ಜುಲೈಯಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಒಂದು ಸಮುದಾಯದ ಪ್ರಗತಿಯನ್ನು ಅದರ ಹೆಣ್ಣುಮಕ್ಕಳು ಸಾಧಿಸಿದ ಪ್ರಗತಿಯಿಂದ ಅಳೆಯುವುದಾಗಿ ಹೇಳಿದ್ದರು. ಅವರ ನೆನಪಿನ ದಿನವೇ ಹೆಣ್ಣುಮಕ್ಕಳನ್ನು ಗೂಡಿನ ಕಾವಲಿಗೆ ಬಿಟ್ಟು ಹೋದರೆ ಆ ಅಳತೆಯಲ್ಲಿ ನಾವು ಎಲ್ಲಿ ನಿಲ್ಲುತ್ತೇವೆ?

ಇನ್ನೊಬ್ಬರಿಗೆ ಹೇಳಿ ಹೋಗಲು ನಮಗೆ ಸಂಕೋಚ. ಅದಕ್ಕೆ ಕಾರಣವಿದೆ. ನಮ್ಮ ಹಿರಿಯರು ತಲೆಮಾರುಗಟ್ಟಲೆ ಬಿಟ್ಟಿ ಚಾಕರಿ ಮಾಡಿದವರು. ಬೇರೆಯವರಿಂದ ಬಿಟ್ಟಿ ಕೆಲಸ ಮಾಡಿಸಿಕೊಳ್ಳಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಆದರೆ ಪರಸ್ಪರ ನೆರವು ಬಿಟ್ಟಿಯಲ್ಲ. ಬಿಟ್ಟಿಯಲ್ಲಿ ಒಬ್ಬನೇ ಯಾವಾಗಲೂ ದುಡಿಯುತ್ತಾನೆ, ಇನ್ನೊಬ್ಬ ಯಾವಾಗಲೂ ಪಡೆಯುತ್ತಾನೆ. ಸಂಘದಲ್ಲಿ ಸರದಿ ಇರುತ್ತದೆ. ಈ ಸಲ ನೀವು ನಮ್ಮ ಗೂಡು ನೋಡಿ, ಆ ಮೂರು ದಿನದ ಮೊಟ್ಟೆ ನಿಮ್ಮವು. ಬುದ್ಧ ಪೂರ್ಣಿಮೆಗೆ ನೀವು ಹೋಗಿ, ನಿಮ್ಮ ಗೂಡು ನಾವು ನೋಡುತ್ತೇವೆ. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಎಲ್ಲ ಜೀವಿಗಳವರೆಗೂ ಹರಡುವುದು ಎಂದು ಬಾಬಾಸಾಹೇಬರು ವಿವರಿಸಿದ್ದಾರೆ. ಇಲ್ಲಿ ಎರಡೂ ಒಂದೇ ಕೆಲಸದಲ್ಲಿ ನಡೆಯುತ್ತವೆ.

*ಇಂದಿನ ಅಭ್ಯಾಸ* 🪷

✅ ಹೊರಡುವವರು ಇಂದೇ ಒಂದು ಮನೆಯವರ ಹತ್ತಿರ ಮಾತಾಡಿ.
✅ ಹೊರಡುವ ಹಿಂದಿನ ದಿನ ಸಂಜೆ ಅವರನ್ನು ಕರೆದು ಬಾಗಿಲು, ಚಿಲಕ, ಕಾಳಿನ ಡಬ್ಬಿ ತೋರಿಸಿ. ಸಂಜೆ ಎಣಿಸಲು ಕೋಳಿ ಎಷ್ಟು ಎಂದು ಹೇಳಿ.
✅ ಊರಲ್ಲೇ ಇರುವವರು ಕರೆಯುವ ತನಕ ಕಾಯಬೇಡಿ, "ನಾನು ನೋಡಿಕೊಳ್ಳುತ್ತೇನೆ" ಎಂದು ನೀವೇ ಹೇಳಿ.
✅ ಮನೆಯಲ್ಲಿ ಕೇಳಿ: ಹೋದ ವರ್ಷ ಉಳಿದವರು ಯಾರು? ಈ ವರ್ಷ ಮೊದಲ ಟಿಕೆಟ್ ಅವರ ಹೆಸರಿಗಾಗಲಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 💙